ಸೇನೆಯಲ್ಲಿ ಮಹಿಳಾ ಅಧಿಕಾರಿ: ಮೂವತ್ತು ವರ್ಷ ಸೇವೆ, ಜೊತೆಗೆ ಸಂಸಾರ. ಲೆಕ್ಕ ಹೇಗೆ?

ಹೇಮಾವತಿ_ದಂಡೆ
ಸೇನೆಗೆ ಅಧಿಕಾರಿಯಾಗಿ ಸೇರುವ ಹುಡುಗಿಯರಿಗೆ ನಮ್ಮಲ್ಲಿ ಎರಡೇ ಮಾತು ಸಿಗುವುದು. ಒಂದು, "ಶಭಾಷ್ ಮಗಳೇ". ಇನ್ನೊಂದು, "ಮದುವೆ ಆದ್ಮೇಲೆ ಹೇಗಮ್ಮಾ?" ಎರಡರಿಂದಲೂ ಪ್ರಯೋಜನವಿಲ್ಲ. ಪೂರ್ತಿ ಸೇವೆ ಮುಗಿಸಿ ಪಿಂಚಣಿ ತೆಗೆದುಕೊಳ್ಳುವವರೆಗೆ, ಹೆರಿಗೆ, ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ ಇವೆಲ್ಲ ಎಲ್ಲಿ ಹೇಗೆ ಹೊಂದುತ್ತವೆ? ನಿಯಮ ಗೊತ್ತಿರುವವರು ಬರೆಯಿರಿ. ಅನುಭವ ಕಥನ ಬೇಡ, ತಾರೀಖು, ದಿನ, ಕಾಗದ ಬೇಕು.

ಆಲಿವ್_ಗ್ರೀನ್
ಮೊದಲು ವರ್ಷಗಳ ಲೆಕ್ಕ. ಭೂಸೇನೆಯಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ಬಿಟ್ಟು ಬೇರೆ ಶಾಖೆಗಳಿಗೆ ಮಹಿಳೆಯರನ್ನು ತೆಗೆದುಕೊಂಡದ್ದು 1992ರಲ್ಲಿ. ಆಗ ಅವಧಿ 5 ವರ್ಷ. ಅದು 10 ಆಯಿತು, ಆಮೇಲೆ 14. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ 20 ವರ್ಷ ಸೇವೆ ಬೇಕು. 14ಕ್ಕೂ 20ಕ್ಕೂ ನಡುವಿನ ಈ ಆರು ವರ್ಷದ ಹಳ್ಳದಲ್ಲಿ ಒಂದು ತಲೆಮಾರೇ ಬಿದ್ದುಹೋಯಿತು. ಗ್ರಾಚ್ಯುಟಿ ಕೈಗೆ ಕೊಟ್ಟು ಕಳಿಸುತ್ತಿದ್ದರು, ಅದೂ ಮೂವತ್ತೇಳು ಮೂವತ್ತೆಂಟರ ವಯಸ್ಸಿನಲ್ಲಿ, ಮಕ್ಕಳು ಪ್ರೈಮರಿ ಶಾಲೆಯಲ್ಲಿರುವಾಗ.

2008ರಲ್ಲಿ ಜಾಗ್ (ಕಾನೂನು ಶಾಖೆ) ಮತ್ತು ಶಿಕ್ಷಣ ಕೋರ್‌ಗೆ ಮಾತ್ರ ಪರ್ಮನೆಂಟ್ ಕಮಿಷನ್ (ನಿವೃತ್ತಿ ವಯಸ್ಸಿನವರೆಗಿನ ಸೇವೆ) ಕೊಟ್ಟರು. ಉಳಿದ ಶಾಖೆಗಳಿಗೆ ಬಂದದ್ದು 2020ರ ಫೆಬ್ರವರಿ 17ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಮರುತಿಂಗಳು, ಮಾರ್ಚ್ 17ಕ್ಕೆ, ನೌಕಾಪಡೆಗೂ ಅದೇ ಬಗೆಯ ತೀರ್ಪು ಬಂತು. ಈಗ ನಿಗದಿತ ವರ್ಷಗಳ ಸೇವೆಗೆಂದು ಶಾರ್ಟ್ ಸರ್ವಿಸ್‌ನಲ್ಲಿ ಬಂದವರಿಗೆ ಹತ್ತನೇ ವರ್ಷದಲ್ಲಿ ಬೋರ್ಡ್, ಅಂದರೆ ಆಯ್ಕೆ ಸಮಿತಿ, ಕೂರುತ್ತದೆ: ಪರ್ಮನೆಂಟ್, ಇಲ್ಲವೇ ಇನ್ನೂ 4 ವರ್ಷ, ಇಲ್ಲವೇ ಮನೆಗೆ.

ಚಿಕ್ಕಪ್ಪ_ಮಡಿಕೇರಿ
ಆದರೂ ಮಹಿಳೆಯರು ಲೆಫ್ಟಿನೆಂಟ್ ಜನರಲ್ ಆಗಿದ್ದಾರಲ್ಲ, ತೀರ್ಪಿಗೂ ಮೊದಲೇ. ಹಾಗಾದರೆ ಮನಸ್ಸಿದ್ದರೆ ಮಾರ್ಗ ಇತ್ತು ಅಂತಾಯ್ತು.

ಆಲಿವ್_ಗ್ರೀನ್
ಚಿಕ್ಕಪ್ಪಾ, ಅವರು ಯಾವ ಕೋರ್‌ನವರು ನೋಡಿ. 2004ರಲ್ಲಿ ಪುನೀತಾ ಅರೋರಾ, ಆಮೇಲೆ ವಾಯುಪಡೆಯ ಪದ್ಮಾ ಬಂಡೋಪಾಧ್ಯಾಯ, 2020ರಲ್ಲಿ ಮಾಧುರಿ ಕಾನಿಟ್ಕರ್, 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮುಖ್ಯಸ್ಥೆಯಾದ ಆರತಿ ಸರೀನ್. ಎಲ್ಲರೂ ಡಾಕ್ಟರುಗಳು. ವೈದ್ಯಕೀಯ ಕೋರ್‌ನಲ್ಲಿ ಪೂರ್ಣ ಸೇವೆಯ ಬಾಗಿಲು ಮಹಿಳೆಯರಿಗೆ ಬಹಳ ಮೊದಲೇ ತೆರೆದಿತ್ತು. ಮೂರು ನಕ್ಷತ್ರಕ್ಕೆ, ಅಂದರೆ ಲೆಫ್ಟಿನೆಂಟ್ ಜನರಲ್ ಮಟ್ಟಕ್ಕೆ, ಮೂವತ್ತೈದು ವರ್ಷದ ಆಸುಪಾಸು ಸೇವೆ ಬೇಕು. 14 ವರ್ಷಕ್ಕೆ ಗೇಟು ತೋರಿಸಿದ ಸಿಗ್ನಲ್ಸ್‌ನ ಹೆಣ್ಣುಮಗಳು ಎಷ್ಟು ಮನಸ್ಸು ಮಾಡಿದರೇನು?

ಕಾನಿಟ್ಕರ್ ಅವರ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಓದಿ 1982ರಲ್ಲಿ ಕಮಿಷನ್ ಪಡೆದವರು, ಮಕ್ಕಳ ಮೂತ್ರಪಿಂಡ ತಜ್ಞೆ, ಮುಂದೆ ಅದೇ ಕಾಲೇಜಿಗೆ ಡೀನ್, ಉಧಂಪುರದಲ್ಲಿ ಮೇಜರ್ ಜನರಲ್ (ಮೆಡಿಕಲ್). ಗಂಡ ರಾಜೀವ್ ಕಾನಿಟ್ಕರ್ ಕೂಡ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರು. ಗಂಡ ಹೆಂಡತಿ ಇಬ್ಬರೂ ಆ ಪದವಿಗೇರಿದ ಮೊದಲ ಜೋಡಿ. ಈ ಜೋಡಿಯನ್ನು ತೋರಿಸಿ "ಸಂಸಾರವೂ ನಡೆಯಿತಲ್ಲ" ಅನ್ನುವವರು, ಆಕೆಗೆ ಸುಮಾರು ನಾಲ್ಕು ದಶಕದ ಸೇವಾವಧಿ ಸಿಕ್ಕಿತ್ತು ಅನ್ನುವುದನ್ನು ಮರೆಯುತ್ತಾರೆ.

ಬಿಳಿ_ವೇಲು
ನರ್ಸಿಂಗ್ ಸೇವೆಯನ್ನು ಒಂದು ಸಾಲಲ್ಲಿ ದಾಟಿಸಬೇಡಿ. ಮಿಲಿಟರಿ ನರ್ಸಿಂಗ್ ಸರ್ವಿಸ್ ಶುರುವಾದದ್ದು 1888ರಲ್ಲಿ ಬಾಂಬೆಗೆ ಬಂದಿಳಿದ ಹತ್ತು ಮಂದಿ ನರ್ಸ್‌ಗಳಿಂದ. ಭಾರತೀಯ ಸೇನೆಯ ಮೊದಲ ಮಹಿಳಾ ಮೇಜರ್ ಜನರಲ್ ಗರ್ಟ್ರೂಡ್ ಆಲಿಸ್ ರಾಮ್ ಇದೇ ಸೇವೆಯವರು, 1976ರಲ್ಲಿ.

ಆದರೆ ಆಗಿನ ಷರತ್ತು ಗೊತ್ತಾ? 1977ರ ಸೇನಾ ಸೂಚನೆಯೊಂದರ ಪ್ರಕಾರ ಎಂಎನ್‌ಎಸ್ ಅಧಿಕಾರಿ ಮದುವೆಯಾದರೆ ಅದೇ ಕಾರಣಕ್ಕೆ ಸೇವೆಯಿಂದ ಬಿಡುಗಡೆ ಮಾಡಬಹುದಿತ್ತು. ಅದನ್ನು ವಾಪಸ್ ಪಡೆದದ್ದು 1995ರಲ್ಲಿ. ಹೀಗೆ 1988ರಲ್ಲಿ ಹೊರಹೋದ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2024ರ ಫೆಬ್ರವರಿ ಬಂದಿತ್ತು. ಹಳೆಯ ತಲೆಮಾರಿನ ಸಿಸ್ಟರ್‌ಗಳಲ್ಲಿ ಮದುವೆಯಾಗದವರು ಯಾಕೆ ಅಷ್ಟೊಂದು ಜನ ಅಂತ ಕೇಳುವವರಿಗೆ ಇದೂ ಒಂದು ಉತ್ತರ.

ಈ ದಾರಿಯಲ್ಲಿ ಬರುವವರಿಗೆ: ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ದೇಶದಲ್ಲಿ ಆರು ಕಾಲೇಜು, ಒಟ್ಟು 220 ಸೀಟು. ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯ ಕಾಲೇಜಿನಲ್ಲಿ 40.

ಹೇಮಾವತಿ_ದಂಡೆ
ಇಷ್ಟು ಹಿನ್ನೆಲೆ ಸಾಕು. ಈಗ ಹೆರಿಗೆ ರಜೆಗೆ ಬನ್ನಿ. "ಆರು ತಿಂಗಳು ಕೊಡ್ತಾರೆ, ಇನ್ನೇನು" ಅಂತ ಎಲ್ಲರೂ ಹೇಳುತ್ತಾರೆ. ತೊಂದರೆ ಎಲ್ಲಿದೆ?

ಎರಡು_ಟ್ರಂಕು
ರಜೆ ಸಿಗುತ್ತದೆ, ಅದರಲ್ಲಿ ತೊಂದರೆಯಿಲ್ಲ. 180 ದಿನ, ಪೂರ್ಣ ಸಂಬಳ, ಎರಡು ಮಕ್ಕಳವರೆಗೆ. ಒಂದು ವರ್ಷದೊಳಗಿನ ಮಗುವನ್ನು ದತ್ತು ತೆಗೆದುಕೊಂಡರೂ 180 ದಿನ. ಮಗುವಿಗೆ 18 ತುಂಬುವವರೆಗೆ ಬಳಸಿಕೊಳ್ಳಲು ಇಡೀ ಸೇವೆಗೆ 360 ದಿನ ಶಿಶುಪಾಲನಾ ರಜೆ, ಅಂದರೆ ಸಿಸಿಎಲ್. ಅದನ್ನು ಮೊದಲು ಒಮ್ಮೆಗೆ ಕನಿಷ್ಠ 15 ದಿನ ತೆಗೆಯಬೇಕಿತ್ತು, 2019ರಿಂದ 5 ದಿನವೂ ಆಗುತ್ತದೆ. ಮಗುವಿನ ಪರೀಕ್ಷೆ ವಾರಕ್ಕೆ ಐದು ದಿನ ಸಾಕಾಗುವಾಗ ಹದಿನೈದು ಕಳೆದುಕೊಳ್ಳುವ ಪಾಡು ತಪ್ಪಿತು.

ತೊಂದರೆ ಇರುವುದು ಎಸಿಆರ್‌ನಲ್ಲಿ, ಅಂದರೆ ವಾರ್ಷಿಕ ಗೋಪ್ಯ ವರದಿಯಲ್ಲಿ. ನಿಮ್ಮ ಮೇಲಧಿಕಾರಿ ವರದಿ ಬರೆಯಬೇಕಾದರೆ ಅವರ ಕೈಕೆಳಗೆ ಕನಿಷ್ಠ 90 ದಿನ ನೀವು ಖುದ್ದಾಗಿ ಇದ್ದಿರಬೇಕು. ಈಗ ಲೆಕ್ಕ ಹಾಕಿ. ವರದಿ ವರ್ಷ ರ್ಯಾಂಕ್ ಪ್ರಕಾರ ಬೇರೆಬೇರೆ, ಸುಲಭಕ್ಕೆ ಜನವರಿ–ಡಿಸೆಂಬರ್ ಹಿಡಿಯೋಣ. ಮೇ 1ಕ್ಕೆ ಹೆರಿಗೆ ರಜೆ ಶುರು, ಅಕ್ಟೋಬರ್ 27ಕ್ಕೆ 180 ದಿನ ಮುಗಿಯಿತು. ಅದಕ್ಕೆ ಅಂಟಿಸಿ 60 ದಿನದ ವಾರ್ಷಿಕ ರಜೆ ತೆಗೆದರೆ ಡಿಸೆಂಬರ್ 26. ಯೂನಿಟ್‌ನಲ್ಲಿ ಇದ್ದದ್ದು ಜನವರಿಯಿಂದ ಏಪ್ರಿಲ್, 120 ದಿನ. ಅದರ ನಡುವೆ ಆರು ವಾರದ ಕೋರ್ಸಿಗೆ ಹೋಗಿದ್ದರೆ 42 ಕಳೆಯಿರಿ. ಉಳಿದದ್ದು 78, ಡಿಸೆಂಬರ್ ಕೊನೆಯ 5 ದಿನ ಸೇರಿಸಿದರೂ 83. ಆ ವರ್ಷ ವರದಿಯೇ ಇಲ್ಲ.

ಅಧಿಕಾರಿ ಕೆಟ್ಟವರಾಗಿ ಹೀಗಾಗುವುದಿಲ್ಲ, ಏಳು ದಿನ ಕಡಿಮೆ ಬಿದ್ದು ಆಗುತ್ತದೆ. ವಾರ್ಷಿಕ ರಜೆಯ ಒಂದಿಷ್ಟನ್ನು ತೆಗೆಯದೆ ಉಳಿಸುವುದೋ, ಕೋರ್ಸನ್ನು ಮುಂದಿನ ಬ್ಯಾಚಿಗೆ ಹಾಕಿಸುವುದೋ, ಅಡ್ಜುಟೆಂಟ್ (ಯೂನಿಟ್‌ನ ಆಡಳಿತ ನೋಡುವ ಅಧಿಕಾರಿ) ಹತ್ತಿರ ಕೂತು ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ತಪ್ಪಿಸಬಹುದು. ಗರ್ಭಿಣಿ ಎಂದು ಆಸ್ಪತ್ರೆಯಲ್ಲಿ ದಾಖಲಾದ ವಾರವೇ ಈ ಕೆಲಸ ಮಾಡಬೇಕು, ಏಳನೇ ತಿಂಗಳಲ್ಲಿ ಅಲ್ಲ.

ಚಿಕ್ಕಪ್ಪ_ಮಡಿಕೇರಿ
ಒಂದು ವರದಿ ಇಲ್ಲದಿದ್ದರೆ ಆಕಾಶ ಬೀಳುತ್ತಾ?

ಎರಡು_ಟ್ರಂಕು
ಯಾವ ವರ್ಷದ್ದು ಅನ್ನುವುದರ ಮೇಲೆ. ಅಧಿಕಾರಿಯಾಗಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇದು ಕಾಲಕ್ಕೆ ತಕ್ಕಂತೆ ಬರುವ ಬಡ್ತಿ, ಆದರೆ ಮೇಜರ್‌ಗೆ ಪಾರ್ಟ್ ಬಿ, ಲೆಫ್ಟಿನೆಂಟ್ ಕರ್ನಲ್‌ಗೆ ಪಾರ್ಟ್ ಡಿ ಪರೀಕ್ಷೆ ಪಾಸಾಗಿರಬೇಕು. ಕರ್ನಲ್ ಮಾತ್ರ ಆಯ್ಕೆ. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಕಮಿಷನ್ ಆದವರಿಗೆ ಹತ್ತನೇ ವರ್ಷದ ಬೋರ್ಡ್ ಬರುವಾಗ ಮೂವತ್ತೆರಡು ಮೂವತ್ತಮೂರು. ಮದುವೆ, ಎರಡು ಹೆರಿಗೆ, ಜೂನಿಯರ್ ಕಮಾಂಡ್ ಕೋರ್ಸ್, ಪಾರ್ಟ್ ಡಿ, ಒಂದು ಫೀಲ್ಡ್ ಪೋಸ್ಟಿಂಗ್ (ಕುಟುಂಬ ಒಯ್ಯಲಾಗದ ಜಾಗದ ಕೆಲಸ) ಎಲ್ಲವೂ ಅದೇ ಐದಾರು ವರ್ಷದಲ್ಲಿ ಒತ್ತರಿಸಿಕೊಂಡು ಬರುತ್ತವೆ. ಅದೇ ಬ್ಯಾಚಿನ ಗಂಡು ಅಧಿಕಾರಿಗೂ ಮಕ್ಕಳಾಗುತ್ತವೆ, ಅವನ ವರದಿ ತಪ್ಪುವುದಿಲ್ಲ.

ಪಾರ್ಟ್ ಡಿಯನ್ನು ಮೊದಲ ಮಗುವಿಗೂ ಮೊದಲು ಮುಗಿಸಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಅದಕ್ಕೆ ಯಾರ ಶಿಫಾರಸೂ ಬೇಡ, ಓದು ಸಾಕು.

ಆಲಿವ್_ಗ್ರೀನ್
ಇದಕ್ಕೇ ಸೇರಿಸಬೇಕಾದದ್ದು 2021ರ ಮಾರ್ಚ್ 25ರ ತೀರ್ಪು. 2020ರ ಆದೇಶದ ನಂತರ ಸೇನೆ ಹಳೆಯ ಮಹಿಳಾ ಅಧಿಕಾರಿಗಳನ್ನು ಬೋರ್ಡ್ ಮುಂದೆ ನಿಲ್ಲಿಸಿತು. ಆದರೆ ನಲವತ್ತು ದಾಟಿದವರಿಗೂ ಶೇಪ್-1 (ಯಾವ ಕೊರತೆಯೂ ಇಲ್ಲದ) ದೇಹಾರೋಗ್ಯ ಬೇಕೆಂದಿತು. ಗಂಡಸರಿಗೆ ಅದೇ ಪರೀಕ್ಷೆ ಐದನೇ ಅಥವಾ ಹತ್ತನೇ ವರ್ಷದಲ್ಲಿ, ಮೂವತ್ತರ ಆಸುಪಾಸಿನಲ್ಲಿ ಆಗಿಹೋಗಿತ್ತು. ವರದಿಗಳನ್ನೂ ಐದನೇ, ಹತ್ತನೇ ವರ್ಷಕ್ಕೆ ನಿಲ್ಲಿಸಿ ನೋಡಿದರು. ಆ ವರದಿ ಬರೆಯುವಾಗ ಬರೆದವರಿಗೆ ಗೊತ್ತಿತ್ತು, ಈ ಹುಡುಗಿಗೆ ಪರ್ಮನೆಂಟ್ ಹೇಗೂ ಇಲ್ಲವೆಂದು. ಒಳ್ಳೆಯ ಅಂಕವನ್ನು ಬೋರ್ಡ್‌ಗೆ ಹೋಗುವ ಹುಡುಗನಿಗೆ ಎತ್ತಿಡುವುದು ಮನುಷ್ಯಸಹಜ. ಮೇಲ್ನೋಟಕ್ಕೆ ಸಮಾನವಾಗಿ ಕಂಡರೂ ಪರಿಣಾಮದಲ್ಲಿ ಇದು ತಾರತಮ್ಯ ಎಂದಿತು ಕೋರ್ಟ್.

2023ರಲ್ಲಿ 108 ಕರ್ನಲ್ ಹುದ್ದೆಗಳಿಗೆ ಮಹಿಳೆಯರ ವಿಶೇಷ ಬೋರ್ಡ್ ಕೂತದ್ದು ಇದರ ಮುಂದಿನ ಕೊಂಡಿ.

ಬೆಳಗಾವಿ_ಕಂಟೋನ್ಮೆಂಟ್
ಬಾಣಂತನದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ತವರು ಶಿವಮೊಗ್ಗವೋ ರಾಯಚೂರೋ ಆದರೆ ಹತ್ತಿರದಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಕರ್ನಾಟಕದಲ್ಲಿ ಲೆಕ್ಕಕ್ಕೆ ಬರುವವು ಬೆಂಗಳೂರಿನ ಕಮಾಂಡ್ ಆಸ್ಪತ್ರೆ, ಬೆಳಗಾವಿಯ ಎಂಎಚ್, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಿಲ್ಲು ಹಿಡಿದುಕೊಂಡು ಬಂದರೆ ಹಣ ಬರುವುದು ಕಷ್ಟ. ಮೊದಲೇ ರೆಫರಲ್ ಬೇಕು. ತುರ್ತಾಗಿ ಸೇರಿಸಬೇಕಾಗಿ ಬಂದರೆ ಹತ್ತಿರದ ಸೇನಾ ಆಸ್ಪತ್ರೆಗೂ ಯೂನಿಟ್‌ಗೂ ಕೂಡಲೇ ಬರಹದಲ್ಲಿ ತಿಳಿಸಿ, ತುರ್ತು ಎಂದು ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ರಜೆ ಅರ್ಜಿಯಲ್ಲಿ ತವರಿನ ವಿಳಾಸವನ್ನೇ ಕೊಡಿ. ಅಲ್ಲಿ ಗಂಡನ ಮನೆ ವಿಳಾಸ ಕೊಟ್ಟು ಇಲ್ಲಿ ಹೆರಿಗೆ ಮಾಡಿಸಿಕೊಂಡರೆ ಬಿಲ್ಲಿನ ಮೇಲೆ ಪ್ರಶ್ನೆ ಏಳುತ್ತದೆ.

ಎರಡನೆಯದು, ಗರ್ಭಿಣಿಯಾದಾಗ ತಾತ್ಕಾಲಿಕ ಲೋ ಮೆಡಿಕಲ್ ಕ್ಯಾಟಗರಿ ಕೊಡುತ್ತಾರೆ. ಅದು ತಾನಾಗಿ ಹೋಗುವುದಿಲ್ಲ. ಹೆರಿಗೆ ನಂತರ ಆಸ್ಪತ್ರೆಯಲ್ಲಿ ಮತ್ತೆ ಬೋರ್ಡ್ ಆಗಿ ಶೇಪ್-1 ಎಂದು ಬರೆಸಿಕೊಳ್ಳಬೇಕು. ಮಗು, ನಿದ್ದೆಗೇಡು, ಕೆಲಸದ ನಡುವೆ ಇದನ್ನು ಮುಂದೂಡುವವರೇ ಹೆಚ್ಚು. ಕೋರ್ಸಿಗೆ ಹೆಸರು ಹೋಗುವ ಹೊತ್ತಿಗೆ ಕಾಗದದಲ್ಲಿ ಇನ್ನೂ ಲೋ ಕ್ಯಾಟಗರಿ ಕೂತಿರುತ್ತದೆ, ಹೆಸರು ಕೆಳಗೆ ಬೀಳುತ್ತದೆ.

ಪೇ_ಸ್ಲಿಪ್
ಕಾಗದದ ವಿಷಯ ನನ್ನ ಪಾಲಿಗೆ ಬಿಡಿ.

ಮದುವೆ, ಮಗು, ಹೆಸರು ಬದಲಾವಣೆ ಏನೇ ಆದರೂ ಯೂನಿಟ್‌ನಲ್ಲಿ ಪಾರ್ಟ್-2 ಆರ್ಡರ್ (ಇಂಥ ಬದಲಾವಣೆಯನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಹೊರಡಬೇಕು. ಅಧಿಕಾರಿಗಳ ಸಂಬಳದ ಲೆಕ್ಕ ಇರುವುದು ಪುಣೆಯ ಪಿಸಿಡಿಎ(ಓ)ನಲ್ಲಿ. ಆರ್ಡರ್ ಅಲ್ಲಿಗೆ ಮುಟ್ಟದಿದ್ದರೆ ದಾಖಲೆಯ ಮಟ್ಟಿಗೆ ಆ ಮಗು ಹುಟ್ಟೇ ಇಲ್ಲ. ಶಿಕ್ಷಣ ಭತ್ಯೆ ಬರುವುದಿಲ್ಲ, ಮುಂದೆ ಕುಟುಂಬ ಪಿಂಚಣಿಯಲ್ಲೂ ತಕರಾರು.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ಕಾಟ: ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಎಚ್. ಕೆ. ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ ಹೊಸಹಳ್ಳಿ ಕೃಷ್ಣಪ್ಪ", ಮಗುವಿನ ಜನನ ಪ್ರಮಾಣಪತ್ರದಲ್ಲಿ "ಮಂಜುನಾಥ್". ಉತ್ತರದ ಗುಮಾಸ್ತರಿಗೆ ಇವು ಮೂವರು ಗಂಡಸರು. ಜನನ ನೋಂದಣಿ 21 ದಿನದೊಳಗೆ ಮಾಡಿಸುವಾಗಲೇ ತಂದೆ ತಾಯಿಯ ಹೆಸರನ್ನು ಸೇವಾ ದಾಖಲೆಯಲ್ಲಿ ಇರುವ ಹಾಗೇ, ಅಕ್ಷರ ಬಿಡದೆ ಬರೆಸಿ. ನಾಮಕರಣ ಆಗಿಲ್ಲವೆಂದು ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಡಿಎಸ್‌ಒಪಿ ಭವಿಷ್ಯನಿಧಿ ಮತ್ತು ಎಜಿಐ ವಿಮೆಯ ನಾಮಿನಿಯನ್ನು ಮದುವೆಯಾದ ಮೇಲೆ ಒಮ್ಮೆ, ಮಗುವಾದ ಮೇಲೆ ಒಮ್ಮೆ ನೋಡಿಕೊಳ್ಳಿ. ಪಾಸಿಂಗ್ ಔಟ್ ವಾರದಲ್ಲಿ ಬರೆದ "ತಂದೆ" ಇಪ್ಪತ್ತು ವರ್ಷವಾದರೂ ಹಾಗೇ ಇರುವುದುಂಟು.

ಭತ್ಯೆ: ಮಕ್ಕಳ ಶಿಕ್ಷಣಕ್ಕೆ ತಿಂಗಳಿಗೆ 2,812.50 ರೂ., ಹಾಸ್ಟೆಲ್‌ಗೆ 8,437.50 ರೂ. (2024ರ ಜನವರಿಯಿಂದ ಏರಿದ ದರ). ಹಿರಿಯ ಇಬ್ಬರು ಮಕ್ಕಳಿಗೆ. ವರ್ಷಕ್ಕೊಮ್ಮೆ ಒಟ್ಟಿಗೆ, ಶಾಲೆಯ ಸರ್ಟಿಫಿಕೇಟ್ ಮೇಲೆ. ಹಾಸ್ಟೆಲ್ ಮನೆಯಿಂದ 50 ಕಿ.ಮೀ. ಆಚೆ ಇರಬೇಕು. ಗಂಡನೂ ಕೇಂದ್ರ ಸೇವೆಯಲ್ಲಿದ್ದರೆ ಒಬ್ಬರೇ ಪಡೆಯಬೇಕು. ಇಬ್ಬರೂ ಪಡೆದರೆ ಒಂದಲ್ಲ ಒಂದು ದಿನ ವಸೂಲಿ ಬರುತ್ತದೆ.

ಹೇಮಾವತಿ_ದಂಡೆ
ಶಾಲೆಯ ವಿಷಯ ಯಾರಾದರೂ ಬಿಡಿಸಿ ಹೇಳಿ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು ಅಂದರೆ ಮಗು ಎಲ್ಲಿಯದು?

ಬೆಳಗಾವಿ_ಕಂಟೋನ್ಮೆಂಟ್
ಕೇಂದ್ರೀಯ ವಿದ್ಯಾಲಯಕ್ಕೆ ಮೊದಲ ಆದ್ಯತೆಯ ಗುಂಪಿನಲ್ಲೇ ಬರುತ್ತೀರಿ. ಆ ಗುಂಪಿನೊಳಗೆ ಹಿಂದಿನ ಏಳು ವರ್ಷದಲ್ಲಿ ಎಷ್ಟು ವರ್ಗಾವಣೆ ಆಗಿದೆ ಅನ್ನುವುದೇ ಅಳತೆ. ಆರು ತಿಂಗಳಿಗಿಂತ ಕಡಿಮೆ ಇದ್ದ ಜಾಗ, 20 ಕಿ.ಮೀ.ಗಿಂತ ಹತ್ತಿರದ ಬದಲಾವಣೆ ಲೆಕ್ಕಕ್ಕಿಲ್ಲ. ಹಾಗಾಗಿ ಪ್ರತಿ ಮೂವ್‌ಮೆಂಟ್ ಆರ್ಡರಿನ ಪ್ರತಿಯನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಆರ್ಮಿ ಪಬ್ಲಿಕ್ ಸ್ಕೂಲ್ ಇನ್ನೊಂದು ದಾರಿ, ಬೆಂಗಳೂರಿನಲ್ಲೇ ಕಾಮರಾಜ ರಸ್ತೆ, ಎಎಸ್‌ಸಿ ಸೆಂಟರ್ ಎಂದು ಒಂದಕ್ಕಿಂತ ಹೆಚ್ಚಿವೆ. ಆರನೇ ತರಗತಿಯಿಂದ ಸೈನಿಕ ಶಾಲೆ, ನಮ್ಮಲ್ಲಿ ವಿಜಯಪುರ ಮತ್ತು ಕೊಡಗಿನ ಕೂಡಿಗೆ. 2021–22ರಿಂದ ಹೆಣ್ಣುಮಕ್ಕಳಿಗೂ ಸೀಟಿದೆ.

ವಿಶೇಷ ಅಗತ್ಯದ ಮಗುವಾದರೆ ಆವಾ (ಸೇನಾ ಪತ್ನಿಯರ ಕಲ್ಯಾಣ ಸಂಸ್ಥೆ) ನಡೆಸುವ ಆಶಾ ಶಾಲೆ ಇರುವ ಸ್ಟೇಷನ್ ಕೇಳಿಕೊಳ್ಳಬಹುದು. ಇಂಥ ಅನುಕಂಪದ ಪೋಸ್ಟಿಂಗನ್ನು ಪದೇಪದೇ ಕೇಳಿದರೆ ಬಡ್ತಿಗೆ ಬೇಕಾದ ಹುದ್ದೆಗಳು ಕೈತಪ್ಪುತ್ತವೆ ಅನ್ನುವುದನ್ನೂ ತಿಳಿದೇ ಕೇಳಬೇಕು.

ಒಂದನ್ನು ಯಾರೂ ಹೇಳುವುದಿಲ್ಲ: ಸಿಇಟಿ. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತನ್ನು ಊರೂರು ಅಲೆದ ಮಗು ಪೂರೈಸುವುದೇ ಇಲ್ಲ. ರಕ್ಷಣಾ ಸಿಬ್ಬಂದಿಯ ಮಕ್ಕಳಿಗೆ ಸಿಇಟಿ ನಡೆಸುವ ಕೆಇಎ ಬೇರೆ ಅರ್ಹತಾ ಷರತ್ತುಗಳನ್ನೇ ಇಟ್ಟಿದೆ. ಆದರೆ ಸೇನೆಗೆ ಸೇರುವಾಗ ಕರ್ನಾಟಕದ ಊರನ್ನೇ ಸ್ವಂತ ಊರು ಎಂದು ಬರೆಸಿರಬೇಕು. ಇಪ್ಪತ್ತೆರಡರ ಹುಡುಗಿ ಫಾರ್ಮ್ ತುಂಬುವಾಗ "ಹೋಂ ಟೌನ್" ಕಾಲಂನಲ್ಲಿ ಬರೆಯುವ ಒಂದು ಪದ, ಇಪ್ಪತ್ತು ವರ್ಷದ ನಂತರ ಮಗಳ ಎಂಜಿನಿಯರಿಂಗ್ ಸೀಟು.

ಚಿಕ್ಕಪ್ಪ_ಮಡಿಕೇರಿ
ಫೀಲ್ಡ್ ಪೋಸ್ಟಿಂಗ್ ಬಂದಾಗ ತಾಯಿ ಮಗುವನ್ನು ಎಲ್ಲಿ ಬಿಡುವುದು? ಈ ಪ್ರಶ್ನೆಗೆ ಉತ್ತರ ಇಲ್ಲದೆ ಉಳಿದದ್ದೆಲ್ಲ ಪುಸ್ತಕದ ಬದನೆಕಾಯಿ.

ಎರಡು_ಟ್ರಂಕು
ಈ ಪ್ರಶ್ನೆ ಸರಿಯಾಗಿದೆ ಚಿಕ್ಕಪ್ಪ. ಕುಟುಂಬ ಒಯ್ಯಲಾಗದ ಜಾಗಕ್ಕೆ ಹೋದಾಗ ಎಸ್‌ಎಫ್ ಕ್ವಾರ್ಟರ್ಸ್ ಅಂತ ಇದೆ, ಅಧಿಕಾರಿ ಫೀಲ್ಡ್‌ನಲ್ಲಿರುವಾಗ ಕುಟುಂಬ ಅದನ್ನು ಇಟ್ಟುಕೊಳ್ಳಬಹುದಾದ ಪೀಸ್ ಸ್ಟೇಷನ್‌ನಲ್ಲಿ ಉಳಿಯಲು. ಮಹಿಳಾ ಅಧಿಕಾರಿಗೂ ಸಿಗುತ್ತದೆ. ಆದರೆ ಇಡೀ ವ್ಯವಸ್ಥೆ ಹೆಂಡತಿ ಮನೆಯಲ್ಲಿರುತ್ತಾಳೆ ಎಂದುಕೊಂಡು ಕಟ್ಟಿದ್ದು. ಇಲ್ಲಿ ಆ ಮನೆಯಲ್ಲಿ ಇರುವವರು ಯಾರು? ಗಂಡ ಬೇರೆ ಯೂನಿಟ್‌ನಲ್ಲಿದ್ದರೆ ಅಜ್ಜಿಯೇ ಗತಿ. ಸ್ಟೇಷನ್ ಗೇಟಿಗೆ ಅಜ್ಜಿಯ ಪಾಸ್, ಶಾಲೆಯಲ್ಲಿ ಮಗು ಕರೆದೊಯ್ಯಲು ಅಜ್ಜಿಗೆ ಬರಹದ ಅಧಿಕಾರ, ತಂದೆ ತಾಯಿ ಅವಲಂಬಿತರಾಗಿದ್ದರೆ ಅವರ ಡಿಪೆಂಡೆಂಟ್ ಕಾರ್ಡ್, ಇಷ್ಟೂ ಹೊರಡುವ ಮೊದಲು ಆಗಬೇಕು. ಹೊರಟ ಮೇಲೆ ಲೇಹ್‌ನಿಂದ ಫೋನಿನಲ್ಲಿ ಮಾಡಿಸಲಾಗದು.

ಇಬ್ಬರೂ ಸೇನೆಯಲ್ಲಿದ್ದರೆ ಒಂದೇ ಸ್ಟೇಷನ್ ಕೊಡಲು ನೋಡುತ್ತಾರೆ, ಹಕ್ಕೆಂದು ಅಲ್ಲ. ಜಾಣರು ಒಬ್ಬರ ಫೀಲ್ಡ್ ಮುಗಿಯುವಾಗ ಇನ್ನೊಬ್ಬರದು ಶುರುವಾಗುವಂತೆ ಮುಂಚಿತವಾಗಿ ಬರೆದುಕೊಳ್ಳುತ್ತಾರೆ. ಇಬ್ಬರೂ ಒಟ್ಟಿಗೆ ಪೀಸ್ ಕೇಳಿದರೆ ಮುಂದೆ ಇಬ್ಬರಿಗೂ ಒಟ್ಟಿಗೆ ಫೀಲ್ಡ್ ಬರುವ ಸಂಭವವೇ ಹೆಚ್ಚು.

ಇನ್ನೊಂದು, ವರ್ಷಕ್ಕೆ 20 ದಿನ ಕ್ಯಾಶುಯಲ್ ಲೀವ್ ಇದೆ. ಅದು ಡಿಸೆಂಬರ್ 31ಕ್ಕೆ ಸತ್ತುಹೋಗುತ್ತದೆ, ವಾರ್ಷಿಕ ರಜೆಗೆ ಅಂಟಿಸಲಾಗದು. ಮಗುವಿನ ಜ್ವರಕ್ಕೆ, ಶಾಲೆಯ ಸಭೆಗೆ ಇದನ್ನೇ ಖರ್ಚು ಮಾಡಿ. ಸಿಸಿಎಲ್ ಅನ್ನು ಹತ್ತನೇ, ಹನ್ನೆರಡನೇ ತರಗತಿಗೆ ಉಳಿಸಿ. ಎರಡು ವರ್ಷದ ಮಗುವಿಗೆ 360 ದಿನ ಸುರಿದು, ಹದಿನಾರರ ಮಗುವಿಗೆ ಏನೂ ಉಳಿಸದವರು ಬಹಳ.

ನಂದಿ_ಬೆಟ್ಟ
ಅಧಿಕಾರಿಗಳ ಮಾತೇ ಆಯಿತು. ಸಿಪಾಯಿ ದರ್ಜೆಯ ಹೆಣ್ಣುಮಕ್ಕಳೂ ಇದ್ದಾರೆ. ಮಿಲಿಟರಿ ಪೊಲೀಸ್‌ನ ಮೊದಲ ಮಹಿಳಾ ತಂಡ, 83 ಮಂದಿ, 61 ವಾರ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನ ಸಿಎಂಪಿ ಸೆಂಟರ್‌ನಿಂದಲೇ, 2021ರ ಮೇ 8ಕ್ಕೆ. ಇವರಿಗೂ ಹೆರಿಗೆ, ಶಿಶುಪಾಲನೆ, ದತ್ತು ರಜೆಗಳು ಅಧಿಕಾರಿಗಳಷ್ಟೇ ಎಂದು ರಕ್ಷಣಾ ಸಚಿವಾಲಯ ಒಪ್ಪಿದ್ದು 2023ರ ನವೆಂಬರ್‌ನಲ್ಲಿ. ಇವರಿಗೆ ಪಿಂಚಣಿಗೆ 15 ವರ್ಷ ಸಾಕು.

ಅಗ್ನಿವೀರರದು ಬೇರೆ. ನಾಲ್ಕು ವರ್ಷ ಮದುವೆ ಇಲ್ಲ, ವರ್ಷಕ್ಕೆ 30 ದಿನ ರಜೆ. ಗರಿಷ್ಠ ಶೇ. 25ರಷ್ಟು ಜನರನ್ನು ಉಳಿಸಿಕೊಳ್ಳುತ್ತಾರೆ, ಹಾಗೆ ಉಳಿಸಿಕೊಂಡವರು ಮುಂದೆ ಕನಿಷ್ಠ 15 ವರ್ಷ ದುಡಿಯಬೇಕು. ಮನೆಯವರು ಗಂಡು ನೋಡುವ ಮೊದಲು ಈ ಲೆಕ್ಕ ನೋಡಲಿ.

ಹೇಮಾವತಿ_ದಂಡೆ
ಹತ್ತನೇ ವರ್ಷದಲ್ಲಿ ಬೋರ್ಡ್ ಕೈಬಿಟ್ಟರೆ?

ಪೇ_ಸ್ಲಿಪ್
ನಾಲ್ಕು ವರ್ಷದ ವಿಸ್ತರಣೆ ತೆಗೆದುಕೊಳ್ಳಬಹುದು, ಅದರ ನಡುವೆ ಯಾವಾಗ ಬೇಕಾದರೂ ರಾಜೀನಾಮೆ ಕೊಡಬಹುದು. ಗ್ರಾಚ್ಯುಟಿ ಸೇವೆಯ ಪ್ರತಿ ಆರು ತಿಂಗಳಿಗೆ ಅರ್ಧ ತಿಂಗಳ ವೇತನದಂತೆ. 14 ವರ್ಷಕ್ಕೆ 28 ಅರ್ಧ, ಅಂದರೆ 14 ತಿಂಗಳ ವೇತನ. ಉಳಿಸಿದ ವಾರ್ಷಿಕ ರಜೆಯನ್ನು 300 ದಿನದವರೆಗೆ ನಗದು ಮಾಡಿಕೊಳ್ಳಬಹುದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ ಪಿಂಚಣಿದಾರರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. 2019ರಿಂದ ಶಾರ್ಟ್ ಸರ್ವಿಸ್‌ನವರಿಗೂ, ಒಮ್ಮೆ ಹಣ ಕಟ್ಟಿ ಸೇರಲು ಅವಕಾಶವಿದೆ. ಪಿಂಚಣಿದಾರರು ಅದರಲ್ಲಿ ತಂದೆ ತಾಯಿಯನ್ನು ಸೇರಿಸಬೇಕಾದರೆ ಅವರ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆಯೊಳಗೆ ಇರಬೇಕು. ತಂದೆ ನಿವೃತ್ತ ಮೇಷ್ಟ್ರಾದರೆ ಅಲ್ಲೇ ಬಾಗಿಲು ಮುಚ್ಚಿತು.

ಹೊರಡುವ ವರ್ಷ ಸೇನೆ ಬಿಡುವವರ ಪುನರ್ವಸತಿ ನೋಡುವ ಡಿಜಿಆರ್‌ನ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಅರ್ಜಿ ಹಾಕಿ. ಐದು ವರ್ಷ ಸೇವೆ ಮಾಡಿದ ಶಾರ್ಟ್ ಸರ್ವಿಸ್ ಅಧಿಕಾರಿಗೆ ಯುಪಿಎಸ್‌ಸಿಯಲ್ಲಿ ವಯಸ್ಸಿನ ಸಡಿಲಿಕೆಯೂ ಇದೆ.

ಚಿಕ್ಕಪ್ಪ_ಮಡಿಕೇರಿ
ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆಯಿಂದ ಬರುವವರಿಗೆ ಈ ಹತ್ತನೇ ವರ್ಷದ ತಲೆಬಿಸಿ ಇಲ್ಲ ತಾನೇ?

ಆಲಿವ್_ಗ್ರೀನ್
ಇಲ್ಲ. ಮೊದಲ ದಿನದಿಂದಲೇ ಪರ್ಮನೆಂಟ್. 2025ರ ಮೇ 30ಕ್ಕೆ ಮೊದಲ ತಂಡದ 17 ಹುಡುಗಿಯರು ಅಲ್ಲಿಂದ ಹೊರಬಂದರು. ಬೋರ್ಡ್ ಇಲ್ಲದಿದ್ದರೂ 90 ದಿನ, ಪಾರ್ಟ್ ಡಿ, ಮೆಡಿಕಲ್ ಕ್ಯಾಟಗರಿ ಮೂರೂ ಅವರಿಗೂ ಅಷ್ಟೇ. ಎರಡು_ಟ್ರಂಕು ಹಾಕಿದ ಆ ಮೇ–ಅಕ್ಟೋಬರ್ ಲೆಕ್ಕವನ್ನು ವೇದಿಕೆಯ ಮೇಲ್ಭಾಗಕ್ಕೆ ಪಿನ್ ಮಾಡಿ ಅಂತ ನಿರ್ವಾಹಕರಿಗೆ ಹೇಳಿದ್ದೇನೆ.